ತಾರಸಿ ಮೇಲೆ ಸೂಜಿಮೆಣಸು

ನಮ್ಮೂರು ಸಾಗರದ ಕಡೆ. ಅಲ್ಲಿ ಸೂಜಿಮೆಣಸನ್ನು, ಅಂದರೆ ತುಂಬಾ ಖಾರದ ಆ ಪುಟ್ಟ ಮೆಣಸಿನಕಾಯಿಯನ್ನು, ಯಾರೂ ಬಿತ್ತುವುದಿಲ್ಲ. ಬೇಲಿ ಬುಡದಲ್ಲೋ, ಬಚ್ಚಲು ನೀರು ಹರಿಯುವಲ್ಲೋ ತಾನೇ ಏಳುತ್ತದೆ. ಬೆಂಗಳೂರಿನ ತಾರಸಿಯಲ್ಲಿ ಬೀಜ ಹಾಕಿ ಬೆಳೆಸ್ತೀನಿ ಅಂದಾಗ ಅಮ್ಮ ನಕ್ಕಳು. "ಅದಕ್ಕೆ ಬೀಜ ಹಾಕ್ತಾರೇನೇ? ಹಕ್ಕಿ ಹಾಕತ್ತೆ."

ಒಂದು ಮುಷ್ಟಿ ಕೆಂಪು ಹಣ್ಣು ಸೀಳಿ, ಬರಿಗೈಲಿ ಬೀಜ ತೆಗೆದೆ. ಅರ್ಧ ಗಂಟೆಗೆ ಉಗುರಿನ ಸಂದಿಯೆಲ್ಲ ಉರಿ. ನಲ್ಲಿ ಕೆಳಗೆ ಎಷ್ಟು ಹೊತ್ತು ಕೈ ಹಿಡಿದರೂ ಹೋಗಲಿಲ್ಲ. ಖಾರ ಕೊಡುವ ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಕೊಬ್ಬರಿ ಎಣ್ಣೆ ತಿಕ್ಕಿ ಸೋಪು ಹಾಕಿ ತೊಳೆದ ಮೇಲೆ ಸ್ವಲ್ಪ ಇಳೀತು. ಖಾರ ಬೀಜದ್ದು ಅಂತಾರೆ, ಅಲ್ವಾ? ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಲ್ಲಿ. ಬೀಜಕ್ಕೆ ಮೆತ್ತಿಕೊಳ್ಳುತ್ತದೆ ಅಷ್ಟೆ. ಈಗ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳುತ್ತೇನೆ.

ಮೊದಲು ಹಾಕಿದ್ದು ಡಿಸೆಂಬರ್‌ನಲ್ಲಿ. ಹದಿನೈದು ದಿನ ನೋಡಿದೆ, ಏನೂ ಇಲ್ಲ. ಬೇಜಾರಾಗಿ ಟ್ರೇ ಮಣ್ಣನ್ನೆಲ್ಲ ದಾಸವಾಳದ ಕುಂಡಕ್ಕೆ ಸುರಿದೆ. ಮಾರ್ಚ್‌ನಲ್ಲಿ ಅದೇ ಕುಂಡದಲ್ಲಿ ಆರು ಮೊಳಕೆ! ಬೀಜ ಸತ್ತಿರಲಿಲ್ಲ, ಚಳಿಗೆ ಮಲಗಿತ್ತು. ಮೆಣಸಿನ ಬೀಜ ಚೆನ್ನಾಗಿ ಮೊಳೆಯಲು 25ರಿಂದ 30 ಡಿಗ್ರಿ ಬೆಚ್ಚಗಿರಬೇಕು.

ಮುಂದಿನ ಸಲ ಫೆಬ್ರವರಿ ಕೊನೆಗೆ ಶುರು ಮಾಡಿದೆ. ಮೂವತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ ಸೆಟ್‌ಟಾಪ್ ಬಾಕ್ಸ್ ಮೇಲಿಟ್ಟೆ. ಅದು ಯಾವಾಗಲೂ ಬೆಚ್ಚಗಿರುತ್ತದೆ. ದಿನಾ ಬೆಳಿಗ್ಗೆ ಕಾಫಿಗಿಂತ ಮೊದಲು ಡಬ್ಬಿ ತೆಗೆದು ನೋಡುವುದೇ ಕೆಲಸವಾಯಿತು. ಹದಿಮೂರನೇ ದಿನ ಒಂದು ಚಪ್ಪಟೆ ಬೀಜದ ಅಂಚಿನಿಂದ ದಾರದೆಳೆಯಂಥ ಬಿಳಿ ಬೇರು ಇಣುಕಿತ್ತು.

ಮೊಳೆತ ಹತ್ತೊಂಬತ್ತನ್ನು ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಎರೆಗೊಬ್ಬರದಲ್ಲಿ ಊರಿದೆ. ಪ್ರೀತಿ ಜಾಸ್ತಿಯಾಗಿ ಎರಡು ಹೊತ್ತೂ ನೀರು. ಎಂಟು ಸಸಿ ಬುಡ ಕೊಳೆತು ಮಗುಚಿ ಬಿದ್ದವು. ಆಮೇಲೆ ಮೇಲ್ಮಣ್ಣು ಒಣಗಿದರಷ್ಟೇ ನೀರು. ಆರು ಎಲೆ ಬಂದ ಮೇಲೆ ದೊಡ್ಡ ಕುಂಡಕ್ಕೆ, ಬಿಸಿಲಿಗೆ.

ನಡುವೆ ಮುಟುರು ರೋಗ ಬಂತು. ಎಲೆ ದೋಣಿಯ ಹಾಗೆ ಮುದುಡಿದವು. ತಿರುಗಿಸಿ ನೋಡಿದರೆ ಅಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ನುಸಿ. ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು. ವಾರಕ್ಕೊಮ್ಮೆ ಸಂಜೆ ಎಲೆಯ ಅಡಿಗೆ ಹೊಡೆದೆ. ಮೂರನೇ ವಾರ ಹೊಸ ಚಿಗುರು ನೆಟ್ಟಗೆ ಬಂತು. ಕಡಲೆಹಿಂಡಿ ಜಾಸ್ತಿ ಹಾಕಿದ ಎರಡು ಗಿಡ ಮಾತ್ರ ಸುಮ್ನೆ ಎಲೆ ಬಿಟ್ಟುಕೊಂಡು ನಿಂತವು, ಹೂವಿಲ್ಲ.

ಮಿಕ್ಕವು ಆಗಸ್ಟ್‌ಗೆ ಕಾಯಿ ಬಿಟ್ಟವು. ಎಲ್ಲ ಆಕಾಶ ನೋಡುತ್ತಾ ನೆಟ್ಟಗೆ. ತಂಬುಳಿಗೆ ಎರಡೇ ಸಾಕು. ಹಣ್ಣಾಗುತ್ತಲೇ ಪಿಕಳಾರಗಳು ಬಂದು ನುಂಗತೊಡಗಿದವು. ಹಕ್ಕಿಗೆ ಈ ಖಾರ ತಟ್ಟುವುದೇ ಇಲ್ಲ. ಬಲೆ ತಂದೆ. ಆದರೆ ಅರ್ಧ ಗಿಡಗಳಿಗಷ್ಟೇ ಕಟ್ಟಿದ್ದೇನೆ.