ಹಾಯಿದೋಣಿಯ ಮೆತ್ತೆಗೆ ಅಳತೆ ದೋಣಿಯಿಂದ ತೆಗೆಯಿರಿ, ಹಳೇ ಸ್ಪಂಜಿನಿಂದಲ್ಲ

ಹಳೇ ಸ್ಪಂಜನ್ನು ಬಟ್ಟೆಯ ಮೇಲೆ ಮಲಗಿಸುವುದು, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಕತ್ತರಿಸಿಬಿಡುವುದು. ಇಲ್ಲಿ ಅಮೆರಿಕದ ಅನಾಪೊಲಿಸ್‌ನಲ್ಲಿ ಹಳೇ ಹಾಯಿದೋಣಿ ಕೊಂಡ ನಮ್ಮ ಹುಡುಗರು ಒಬ್ಬರಾದ ಮೇಲೊಬ್ಬರು ಮಾಡುವುದು ಇದನ್ನೇ. 30–40 ವರ್ಷ ಜನ ಕೂತು, ಮಲಗಿ ಕುಗ್ಗಿಸಿದ ಸ್ಪಂಜು ಅದು. ಮೂಲೆಗಳು ಸವೆದಿವೆ, ಅಂಚು ಒಳಗೆ ಸರಿದಿದೆ, ಮುಟ್ಟಿದರೆ ಹಳದಿ ಪುಡಿ ಉದುರುತ್ತದೆ. ಅದರ ಅಳತೆಗೆ ಹೊಲಿದರೆ ಹೊಸ ಮೆತ್ತೆಯೂ ಹುಟ್ಟುವಾಗಲೇ ಕುಗ್ಗಿರುತ್ತದೆ. ಗೋಡೆಗೂ ಮೆತ್ತೆಗೂ ನಡುವೆ ಎರಡು ಬೆರಳು ಸಂದು ಬಿದ್ದು, ರಾತ್ರಿಯೆಲ್ಲ ಮೊಣಕೈ ಅದರೊಳಗೆ ಇಳಿಯುತ್ತದೆ. ಆಮೇಲೆ ನನ್ನ ಹತ್ತಿರ ಬಂದು "ಆಂಟೀ, ಸ್ವಲ್ಪ ಅಗಲ ಮಾಡಿಕೊಡ್ತೀರಾ" ಅನ್ನುತ್ತಾರೆ. ಕತ್ತರಿಸಿ ಹೊಲಿದು ಮುಗಿಸಿದ್ದನ್ನು ಅಗಲ ಮಾಡುವುದು ಹೇಗಪ್ಪಾ? ಮೊದಲೇ ಕೇಳಬಾರದಿತ್ತೇ?

ಸ್ಪಂಜು, ದಾರ, ಝಿಪ್ಪಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಲಗುವ ಮೆತ್ತೆಗೆ 4 ಇಂಚು ದಪ್ಪ ಇರಲಿ. ಅಂಗಡಿಯಲ್ಲಿ ಅಂಗೈಯಿಂದ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ, ಮಂಡಿ ಊರಿ ನೋಡಿ. ಮಂಡಿ ನೆಲಕ್ಕೆ ತಾಗಿದರೆ ಅದು ಬೇಡ. ಘನ ಅಡಿಗೆ ಎರಡೂವರೆ ಪೌಂಡಿನ ಆಸುಪಾಸು ತೂಗುವ ಸ್ಪಂಜು ಕೇಳಿ ತನ್ನಿ. ಹಗುರದ್ದು ಬೇಗ ಚಪ್ಪಟೆಯಾಗುತ್ತದೆ. ಈಗಿನವರಿಗೆ ಮೆಮೊರಿ ಫೋಮ್ ಹುಚ್ಚು. ಚಳಿ ಬಿದ್ದ ರಾತ್ರಿ ಅದು ಬಿಗಿದುಕೊಂಡು ಗಟ್ಟಿಯಾಗುತ್ತದೆ, ದೋಣಿಗೆ ಬೇಡವೇ ಬೇಡ. ನೀರು ಕುಡಿಯದ ಕ್ಲೋಸ್ಡ್ ಸೆಲ್ ಫೋಮ್ ಚುಕ್ಕಾಣಿ ಹಿಡಿದು ಕೂರುವ ಹೊರಗಿನ ಕಾಕ್‌ಪಿಟ್‌ಗೆ ಸರಿ, ಮಲಗಲು ಬಿರುಸು. ದಾರ ಪಾಲಿಯೆಸ್ಟರಿನದು, ಹತ್ತಿಯ ದಾರ ತೇವಕ್ಕೆ ಕೊಳೆತು ಹೊಲಿಗೆ ಬಿಚ್ಚುತ್ತದೆ. ಝಿಪ್ಪಿನ ಹಲ್ಲೂ ರನ್ನರೂ ಪ್ಲಾಸ್ಟಿಕ್ಕಿನವೇ ಆಗಿರಲಿ, ಲೋಹದ್ದು ಉಪ್ಪುಗಾಳಿಗೆ ಕಚ್ಚಿ ಕೂರುತ್ತದೆ.

ಈಗ ಅಳತೆ. ಇದರಲ್ಲಿ ಅವಸರ ಮಾಡುವವರು ಹೊಲಿಗೆಗೆ ಕೂರಲೇಬೇಡಿ.

ಹಳೇ ಮೆತ್ತೆಗಳನ್ನೆಲ್ಲ ಎತ್ತಿ ಹೊರಗೆ ಹಾಕಿ, ಕೆಳಗಿನ ಪ್ಲೈವುಡ್ ಒರೆಸಿ. ಬಣ್ಣ ಬಳಿಯುವವರು ನೆಲಕ್ಕೆ ಹಾಸುತ್ತಾರಲ್ಲ, ಆ ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಹಾಸಿ, ಸುಕ್ಕಿಲ್ಲದಂತೆ ಎಳೆದು ಟೇಪು ಅಂಟಿಸಿ. ಅಂಚಿನಲ್ಲಿ ಒಂದು ಗೇಣು ಹಾಳೆ ಹೆಚ್ಚಿರಬೇಕು, ಅದು ದೋಣಿಯ ಗೋಡೆ ಹತ್ತಿ ನಿಂತಿರಲಿ. ಹಲಗೆಯೂ ಗೋಡೆಯೂ ಕೂಡುವ ಮೂಲೆಗೆ ಉಗುರಿನಿಂದ ಒತ್ತಿಕೊಂಡು ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಇದು ಮೆತ್ತೆಯ ತಳದ ಗೆರೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಕೆಡುವುದೂ ಇಲ್ಲೇ. ದೋಣಿಯ ಗೋಡೆ ಮನೆಯ ಗೋಡೆಯ ಹಾಗೆ ನೆಟ್ಟಗೆ ಇರುವುದಿಲ್ಲ, ಮೇಲೆ ಹೋದಂತೆ ಹೊರಕ್ಕೆ ವಾಲುತ್ತದೆ. ಹಾಗಾಗಿ ಮೆತ್ತೆಯ ತಳಕ್ಕಿಂತ ಮೇಲ್ಮೈ ಅಗಲ. ನಡುವಿನ ಸೆಟಿಗಳಲ್ಲಿ, ಅಂದರೆ ಉದ್ದ ಬೆಂಚುಗಳಲ್ಲಿ, ಈ ವ್ಯತ್ಯಾಸ ಒಂದು ಬೆರಳಿರಬಹುದು, ಮುಂದುಗಡೆಯ, V ಆಕಾರದ ಮಲಗುವ ಜಾಗವಾದ ವಿ-ಬರ್ತ್‌ನಲ್ಲಿ ಮೂರು ಬೆರಳಿಗೂ ಮೀರಬಹುದು.

ಅದಕ್ಕೆ ಗಟ್ಟಿ ರಟ್ಟಿನ ಒಂದು ತುಂಡನ್ನು ಸರಿಯಾಗಿ ಸ್ಪಂಜಿನ ಎತ್ತರಕ್ಕೆ ಕತ್ತರಿಸಿಕೊಳ್ಳಿ. ತಳದ ಗೆರೆಯ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ, ಅದರ ತಲೆಯಿಂದ ಗೋಡೆಯವರೆಗೆ ಸ್ಕೇಲು ಅಡ್ಡ ಹಿಡಿದು, ಬಂದ ಅಳತೆಯನ್ನು ಅಲ್ಲೇ ಹಾಳೆಯ ಮೇಲೆ ಬರೆಯಿರಿ. ಒಂದು ಗೇಣು ಸರಿದು ಮತ್ತೆ ನಿಲ್ಲಿಸಿ, ಮತ್ತೆ ಬರೆಯಿರಿ. ಬಾಗು ಹೆಚ್ಚಿರುವ ಕಡೆ ನಾಲ್ಕು ಬೆರಳಿಗೊಮ್ಮೆ. ಪ್ರತಿ ಗುರುತಿಗೂ 1, 2, 3 ಎಂದು ಅಂಕಿ ಹಾಕಿ. ಮನೆಗೆ ತಂದು ಹಾಳೆಯನ್ನು ನೆಲದ ಮೇಲೆ ಹಾಸಿದಾಗ ಬಿಟ್ಟಿದ್ದ ಆ ಗೇಣು ಜಾಗದಲ್ಲಿ ಬರೆದ ಅಳತೆಗಳನ್ನೆಲ್ಲ ಹೊರಕ್ಕೆ ಚುಕ್ಕಿ ಇಟ್ಟು ಕೂಡಿಸಿ. ಅದು ಮೇಲ್ಮೈಯ ಗೆರೆ. ಇನ್ನೊಂದು ನೆನಪಿಡಿ: ಓರೆಯಾದ ಬದಿಗೆ ಹೊಲಿಯುವ ಪಟ್ಟಿ 4 ಇಂಚಿಗಿಂತ ಅಗಲ ಬೇಕು, ಓರೆ ಯಾವಾಗಲೂ ನೇರಕ್ಕಿಂತ ಉದ್ದ.

1, 2, 3 ಎಂದು ಹಾಕಿದ ಆ ಅಂಕಿಗಳನ್ನು ಮೇಲಿನ ಬಟ್ಟೆ, ಕೆಳಗಿನ ಬಟ್ಟೆ, ಬದಿಯ ಪಟ್ಟಿ ಮೂರಕ್ಕೂ ಇಳಿಸಿಕೊಳ್ಳಿ. ಮೆಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಬೇಗ ಎಳೆಯುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ಆರಡಿ ಹೊಲಿಗೆ ಮುಗಿಯುವಷ್ಟರಲ್ಲಿ ಒಂದು ಹೆಬ್ಬೆರಳು ಹೆಚ್ಚುಕಡಿಮೆ ಬಂದು ಮೆತ್ತೆ ತಿರುಚಿಕೊಳ್ಳುತ್ತದೆ. ರವಿಕೆಗೆ ತೋಳು ಕೂಡಿಸಿದವರಿಗೆ ಈ ಗುರುತಿನ ಬೆಲೆ ಗೊತ್ತು. 1ಕ್ಕೆ 1, 2ಕ್ಕೆ 2 ಪಿನ್ನು ಚುಚ್ಚಿಕೊಂಡೇ ಹೊಲಿಯಿರಿ. ಹಾಳೆಯ ಮೇಲೆ "ಎಡ", "ಬಲ", "ಮೇಲೆ", "ಮುಂದೆ" ಎಂದು ದಪ್ಪಕ್ಷರದಲ್ಲಿ ಬರೆದಿಡಿ. ಎಡದ ಹಾಳೆಯನ್ನೇ ಮಗುಚಿ ಬಲಕ್ಕೆ ಬಳಸುವ ಜಾಣತನ ಬೇಡ. ದೋಣಿಯ ಎರಡು ಬದಿ ಒಂದೇ ಥರ ಇರುತ್ತದೆಂದು ನಂಬಿ ದುಬಾರಿ ಬಟ್ಟೆ ಹಾಳು ಮಾಡಿದವರನ್ನು ನಾನು ಕಂಡಿದ್ದೇನೆ.

ಸ್ಪಂಜು ಕೊಯ್ಯಲು ಇಲ್ಲಿನವರು ಟರ್ಕಿ ಕೋಳಿ ಕೊಯ್ಯುವ ಎಲೆಕ್ಟ್ರಿಕ್ ಚಾಕುವಿಗಿಂತ ಒಳ್ಳೆಯದು ಇಲ್ಲ. ಹೊಲಿಗೆ ಗೆರೆಯ ಮೇಲೆಯೇ ಬೀಳಲಿ, ಸ್ಪಂಜನ್ನು ಮಾತ್ರ ಗೆರೆಯಿಂದ ಅರ್ಧ ಬೆರಳು ಹೊರಗೆ ಕೊಯ್ಯಿರಿ. ಆಗಲೇ ಗೌಸು ಬಿಗಿಯಾಗಿ ಕೂರುವುದು. ಝಿಪ್ಪು ಗೋಡೆಯ ಕಡೆಗೆ ಬರಲಿ, ಎರಡೂ ಮೂಲೆ ದಾಟಿ ಒಂದು ಗೇಣು ತಿರುಗಲಿ. ತುಂಬುವಾಗ ಸ್ಪಂಜಿಗೆ ತೆಳು ಪ್ಲಾಸ್ಟಿಕ್ ಸುತ್ತಿ ವ್ಯಾಕ್ಯೂಮ್ ಕ್ಲೀನರಿನಿಂದ ಗಾಳಿ ಎಳೆದರೆ ಅದು ಕುಗ್ಗಿ ಸಲೀಸಾಗಿ ಒಳಗೆ ಜಾರುತ್ತದೆ, ಆಮೇಲೆ ಪ್ಲಾಸ್ಟಿಕ್ ಹರಿದು ಎಳೆದುಕೊಳ್ಳಿ. ಉಳಿದ ಬಟ್ಟೆಯಲ್ಲಿ ಒಂದು ದೊಡ್ಡ ಚೀಲ ಹೊಲಿದಿಡಿ. ದೋಣಿಯ ಹಗ್ಗಗಳನ್ನು ಹಾಗೇ ವಾಷಿಂಗ್ ಮೆಷಿನ್ನಿಗೆ ಹಾಕಿ ಗಂಟು ಮಾಡಿಕೊಳ್ಳುತ್ತೀರಲ್ಲ, ಚೀಲದೊಳಗೆ ಹಾಕಿ ಬಾಯಿ ಕಟ್ಟಿ, ಕಡಿಮೆ ಸೋಪಿನಲ್ಲಿ ತೊಳೆಯಿರಿ.

ಹೊನ್ನಾವರದ ಕಡೆ ನಮ್ಮ ತವರಿನಲ್ಲಿ ಬೂರುಗದ ಹತ್ತಿಯ ಹಾಸಿಗೆಗಳಿದ್ದವು. ಮಳೆ ಹಿಡಿಯುವ ಮೊದಲು ಅಮ್ಮ ಎಲ್ಲವನ್ನೂ ಅಂಗಳಕ್ಕೆ ಹಾಕಿ, ಮಗುಚಿ ಮಗುಚಿ ಬಿಸಿಲು ಕಾಯಿಸುತ್ತಿದ್ದರು. ನೀರು ಹಿಡಿಯದ ಹತ್ತಿ ಅದು. ಬಿಳಿ ಬೂರುಗದ ಹತ್ತಿಯನ್ನು, ಅಂದರೆ ಕಪೋಕ್ ಅನ್ನು, ಹಿಂದೆ ಹಡಗಿನವರು ಲೈಫ್ ಜಾಕೆಟ್ಟಿಗೇ ತುಂಬುತ್ತಿದ್ದರು. ಅಂಥ ಹತ್ತಿಗೇ ಅಮ್ಮ ಅಷ್ಟು ಬಿಸಿಲು ತೋರಿಸುತ್ತಿದ್ದರು. ನೀವು ನೀರು ಹೀರುವ ಸ್ಪಂಜನ್ನು ಬೇಸಿಗೆಯಿಡೀ ಹಲಗೆಗೆ ಅಂಟಿಸಿಟ್ಟು, "ಮುಗ್ಗಲು ವಾಸನೆ" ಅನ್ನುತ್ತೀರಿ.

ಇಲ್ಲಿನ ಚೆಸಪೀಕ್ ಕೊಲ್ಲಿಯ ನೀರು ಸಮುದ್ರದಷ್ಟು ಉಪ್ಪಲ್ಲ, ಶರಾವತಿಯ ಅಳಿವೆಯ ಹಾಗೆ ಹೊಳೆನೀರು ಬೆರೆತದ್ದು. ಆದರೂ ಉಪ್ಪು ಉಪ್ಪೇ. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಮರಿಗೆ ಒಸರುವುದೂ ಇದಕ್ಕೇ. ಒದ್ದೆ ಚಡ್ಡಿಯಲ್ಲಿ ಬಂದು ಮೆತ್ತೆಯ ಮೇಲೆ ಕೂತರೆ ಆ ಜಾಗ ಮತ್ತೆ ಒಣಗುವುದಿಲ್ಲ. ಗೌಸು ಬಿಚ್ಚಿ ಸಿಹಿನೀರಿನಲ್ಲಿ ಉಪ್ಪು ಹೋಗುವವರೆಗೆ ಅದ್ದಿ ಹಿಂಡದೆ ಗತಿಯಿಲ್ಲ. ಮಲಗಿದವರ ಮೈಶಾಖದ ತೇವ ಸ್ಪಂಜು ದಾಟಿ ತಣ್ಣಗಿನ ಹಲಗೆಗೆ ತಾಗಿ ನೀರಾಗುತ್ತದೆ, ಬೂಷ್ಟು ಶುರುವಾಗುವುದು ಅಲ್ಲಿಂದ. ಅದಕ್ಕೇ ಗೌಸಿನ ತಳಕ್ಕೆ ಜಾಳು ಬಟ್ಟೆ ಹಾಕಿ, ಹಲಗೆಗೆ ಅಲ್ಲಲ್ಲಿ ತೂತು ಕೊರೆಸಿ. ದೋಣಿ ಬಿಟ್ಟು ಮನೆಗೆ ಹೊರಡುವಾಗ ಪ್ರತಿ ಮೆತ್ತೆಯನ್ನೂ ಅಂಚಿನ ಮೇಲೆ ನಿಲ್ಲಿಸಿ ಹೋಗಿ. ಚಳಿಗಾಲಕ್ಕೆ ದೋಣಿಯನ್ನು ನೀರಿನಿಂದ ಎತ್ತಿಸುವಾಗ ಮೆತ್ತೆಗಳನ್ನು ಮನೆಗೆ ತಂದು, ಝಿಪ್ಪು ತೆರೆದು, ಗಾಳಿಯಾಡುವ ಕೋಣೆಯಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಅಟ್ಟಕ್ಕೆ ಎಸೆಯಬೇಡಿ.