ಮರಳಿ ಬರುವ ಮಾತು: ಭಾಷಣಕ್ಕೂ ಬರಹಕ್ಕೂ ಬಲ ತುಂಬುವ ಬಗೆ

ಹೇಳಿದ್ದನ್ನೇ ಹೇಳಬೇಡಿ ಎಂಬುದು ಬರೆಯಲು ಕಲಿಯುವವರಿಗೆ ಸಿಗುವ ಮೊದಲ ಎಚ್ಚರಿಕೆಗಳಲ್ಲಿ ಒಂದು. ನಮ್ಮ ಅಲಂಕಾರಶಾಸ್ತ್ರವೂ ಪುನರುಕ್ತಿಯನ್ನು ದೋಷಗಳ ಸಾಲಿನಲ್ಲೇ ನಿಲ್ಲಿಸಿದೆ. ಆದರೆ ಅದೇ ಶಾಸ್ತ್ರದ ಆಚಾರ್ಯನಾದ ದಂಡಿ, ಅನುಕಂಪದಂತಹ ಭಾವದ ಅತಿಶಯವನ್ನು ತೋರಿಸಬೇಕಾದಾಗ ಪುನರುಕ್ತಿ ದೋಷವಾಗದೆ ಅಲಂಕಾರವೇ ಆಗುತ್ತದೆ ಎಂದೂ ಹೇಳಿದ್ದಾನೆ. ಒಂದೇ ಕ್ರಿಯೆ ಒಂದೆಡೆ ದೋಷವೂ ಇನ್ನೊಂದೆಡೆ ಅಲಂಕಾರವೂ ಆಗುವುದಾದರೆ, ಎರಡನ್ನೂ ಬೇರ್ಪಡಿಸುವ ಗೆರೆ ಎಲ್ಲಿದೆ ಎಂಬುದನ್ನು ತಿಳಿಯುವುದೇ ಈ ಕಲೆಯ ಮುಖ್ಯ ಪಾಠ. ಮರಳಿ ಬಂದ ಮಾತು ತನ್ನೊಡನೆ ಹೊಸದೇನನ್ನಾದರೂ ಹೊತ್ತು ತಂದಿದ್ದರೆ ಅದು ಅಲಂಕಾರ, ಬರಿಗೈಯಲ್ಲಿ ಬಂದಿದ್ದರೆ ದೋಷ ಎಂದು ನಾನು ಆ ಗೆರೆಯನ್ನು ಎಳೆಯುತ್ತೇನೆ.

ಯಾವ ಮಾತು ಮರಳಬೇಕೆಂದು ಮೊದಲು ನಿರ್ಧರಿಸಿ

ಭಾಷಣವನ್ನು ಬರೆಯಲು ಕೂರುವ ಮುನ್ನ, ಸಭೆ ಮುಗಿದ ಮೇಲೆ ಕೇಳುಗರು ಯಾವ ಒಂದು ಮಾತನ್ನು ನೆನಪಿನಲ್ಲಿ ಹೊತ್ತು ಮನೆಗೆ ಹೋಗಬೇಕೆಂದು ಯೋಚಿಸಿ, ಅದನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಳ್ಳಿ. ಮುಚ್ಚುವ ಹಂತದಲ್ಲಿರುವ ಒಂದು ಸಾರ್ವಜನಿಕ ಗ್ರಂಥಾಲಯದ ಪರವಾಗಿ ನೀವು ಮಾತನಾಡಬೇಕಾಗಿದೆ ಎಂದಿಟ್ಟುಕೊಳ್ಳೋಣ. ‘ಗ್ರಂಥಾಲಯದಿಂದ ಸಮಾಜದ ಎಲ್ಲ ವರ್ಗಗಳಿಗೂ ಪ್ರಯೋಜನವಿದೆ’ ಎಂಬ ವಾಕ್ಯದಲ್ಲಿ ತಪ್ಪಿಲ್ಲವಾದರೂ ಅದನ್ನು ಎರಡನೆಯ ಸಲ ಹೇಳಿದರೆ ಕೇಳುಗರು ಬೇಸರಪಡುತ್ತಾರೆ, ಏಕೆಂದರೆ ಅದು ಉದ್ದವಾಗಿದೆ ಮತ್ತು ಅದರಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ‘ಈ ಬಾಗಿಲು ತೆರೆದಿರಲಿ’ ಎಂಬುದನ್ನು ಎಷ್ಟು ಸಲ ಬೇಕಾದರೂ ಹೇಳಬಹುದು. ಮರಳಬೇಕಾದ ಮಾತು ಚಿಕ್ಕದಾಗಿರಬೇಕು, ಒಂದೇ ಉಸಿರಿನಲ್ಲಿ ಮುಗಿಯಬೇಕು, ಕೇಳುಗರ ಮುಂದೆ ಒಂದು ಚಿತ್ರವನ್ನು ನಿಲ್ಲಿಸಬೇಕು.

ಅದಕ್ಕೊಂದು ಸ್ಥಾನ ಗೊತ್ತುಮಾಡಿ

ಪಾಶ್ಚಾತ್ಯ ವಾಗ್ಮಿತೆಯ ಶಾಸ್ತ್ರದಲ್ಲಿ ವಾಕ್ಯಗಳ ಆರಂಭದಲ್ಲಿ ಬರುವ ಆವರ್ತನೆಗೂ ಕೊನೆಯಲ್ಲಿ ಬರುವ ಆವರ್ತನೆಗೂ ಬೇರೆ ಬೇರೆ ಹೆಸರುಗಳಿವೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣದಲ್ಲಿ ‘ನನಗೊಂದು ಕನಸಿದೆ’ ಎಂಬರ್ಥದ ಮಾತು ವಾಕ್ಯದ ಆರಂಭದಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಭಾಗ ಅವರ ಕೈಯಲ್ಲಿದ್ದ ಸಿದ್ಧಪ್ರತಿಯಲ್ಲಿ ಇರಲಿಲ್ಲ. ಹಿಂದಿನ ಭಾಷಣಗಳಲ್ಲಿ ಬಳಸಿದ್ದ ಮಾತನ್ನು ಅಂದು ವೇದಿಕೆಯ ಮೇಲೆಯೇ ಮತ್ತೆ ಕೈಗೆತ್ತಿಕೊಂಡರು. ಆವರ್ತನೆಯಿಂದ ಕೇಳುಗರಿಗಷ್ಟೇ ಲಾಭವೆಂದು ತಿಳಿಯಬಾರದು. ನಾಲಿಗೆಗೆ ಅಭ್ಯಾಸವಾದ ಮಾತನ್ನು ಹೇಳುವ ಆ ಎರಡು ಕ್ಷಣಗಳಲ್ಲಿ, ಮುಂದೇನು ಹೇಳಬೇಕೆಂದು ಯೋಚಿಸಲು ಭಾಷಣಕಾರನಿಗೂ ಬಿಡುವು ದೊರೆಯುತ್ತದೆ.

ಕನ್ನಡದಲ್ಲಿ ಒಂದು ವಿಶೇಷವಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಸಹಜವಾಗಿ ಕೊನೆಗೆ ಬರುವುದರಿಂದ ಮಾತಿನ ಒತ್ತೂ ಬಹುಮಟ್ಟಿಗೆ ಅಲ್ಲೇ ಬೀಳುತ್ತದೆ. ಆದ್ದರಿಂದ ಕೊನೆಯ ಆವರ್ತನೆ ನಮ್ಮ ಕಿವಿಗೆ ಹೆಚ್ಚು ಒಗ್ಗುತ್ತದೆ. ‘ಕಳಬೇಡ ಕೊಲಬೇಡ’ ಎಂದು ಆರಂಭವಾಗುವ ಬಸವಣ್ಣನವರ ವಚನವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ‘ಬೇಡ’ ಎಂಬ ಪದ ಏಳು ಬಾರಿ ಕೊನೆಯಲ್ಲಿ ಬೀಳುತ್ತದೆ. ಅನಂತರ ವಚನ ಇದ್ದಕ್ಕಿದ್ದಂತೆ ಹೊರಳಿ, ‘ಇದೇ’ ಎಂಬ ಪದ ಮೂರು ಬಾರಿ ಮೊದಲಿಗೆ ಬರುತ್ತದೆ. ನಿಷೇಧಗಳೆಲ್ಲ ಕೊನೆಯ ಆವರ್ತನೆಯಲ್ಲಿ, ಅವುಗಳಿಂದ ದೊರೆಯುವ ಫಲ ಮೊದಲಿನ ಆವರ್ತನೆಯಲ್ಲಿ! ಅರ್ಥ ತಿರುಗುವ ಜಾಗದಲ್ಲೇ ರಚನೆಯೂ ತಿರುಗಿದೆ. ಎಂಟು ಶತಮಾನಗಳ ಬಳಿಕವೂ ಅದು ಕಂಠಸ್ಥವಾಗಿ ಉಳಿದಿರುವುದರಲ್ಲಿ ಈ ಕಟ್ಟಡದ ಪಾಲು ದೊಡ್ಡದೆಂದು ನನ್ನ ನಂಬಿಕೆ.

ನಮ್ಮ ಉದಾಹರಣೆಯಲ್ಲೂ ಮಾತನ್ನು ಕೊನೆಗೇ ಇಡೋಣ:

‘ಮನೆಯಲ್ಲಿ ಒಂದು ಪುಸ್ತಕವೂ ಇಲ್ಲದ ಮಗುವಿಗಾಗಿ ಈ ಬಾಗಿಲು ತೆರೆದಿರಲಿ. ಪರೀಕ್ಷೆಗೆ ಓದಲು ಶಾಂತವಾದ ಮೂಲೆಯೊಂದು ಸಿಗದ ಯುವತಿಗಾಗಿ ಈ ಬಾಗಿಲು ತೆರೆದಿರಲಿ. ದಿನವಿಡೀ ಮಾತಿಗೊಬ್ಬರೂ ಸಿಗದ ಹಿರಿಯರಿಗಾಗಿ ಈ ಬಾಗಿಲು ತೆರೆದಿರಲಿ.’

ಮಕ್ಕಳು, ಯುವಜನರು, ವೃದ್ಧರು ಎಲ್ಲರಿಗೂ ಉಪಯೋಗವಿದೆ ಎಂದು ಒಂದೇ ವಾಕ್ಯದಲ್ಲಿ ಹೇಳಿದ್ದರೆ ಮಾಹಿತಿ ತಲುಪುತ್ತಿತ್ತು. ಇಲ್ಲಿ ಪ್ರತಿ ಸಲವೂ ಬೇರೊಬ್ಬ ವ್ಯಕ್ತಿ ಆ ಬಾಗಿಲಿನ ಮುಂದೆ ಬಂದು ನಿಲ್ಲುತ್ತಾನೆ.

ಏರಿಸಿ, ಬಳಿಕ ಮುರಿಯಿರಿ

ಆವರ್ತನೆಯ ನಡುವೆ ಬರುವ ಹೊಸ ಸಂಗತಿಗಳಿಗೆ ಒಂದು ಕ್ರಮ ಬೇಕು. 1940ರ ಜೂನ್ 4ರಂದು ಬ್ರಿಟನ್ನಿನ ಸಂಸತ್ತಿನಲ್ಲಿ ಚರ್ಚಿಲ್ ಮಾಡಿದ ಭಾಷಣದಲ್ಲಿ ‘ನಾವು ಹೋರಾಡುತ್ತೇವೆ’ ಎಂಬ ಮಾತು ಮರಳಿದಂತೆಲ್ಲ ಹೋರಾಟದ ಜಾಗ ಬದಲಾಗುತ್ತದೆ. ಮೊದಲು ಫ್ರಾನ್ಸ್, ಆಮೇಲೆ ಸಾಗರಗಳು, ಆಕಾಶ, ಕಡಲತೀರ, ಕೊನೆಗೆ ಹೊಲಗಳು, ಬೀದಿಗಳು, ಬೆಟ್ಟಗಳು. ಯುದ್ಧ ಕೇಳುಗನ ಮನೆಯ ಹತ್ತಿರಕ್ಕೆ ಹೆಜ್ಜೆಹೆಜ್ಜೆಯಾಗಿ ಬರುತ್ತಿದೆ. ಅದೇ ಮಾತನ್ನು ನಿರೀಕ್ಷಿಸುತ್ತಿದ್ದ ಕಿವಿಗೆ ಕೊನೆಯಲ್ಲಿ ಬೇರೆ ಮಾತು ಕೇಳಿಸುತ್ತದೆ: ನಾವು ಎಂದಿಗೂ ಶರಣಾಗುವುದಿಲ್ಲ. ಆವರ್ತನೆಯಿಂದ ಹುಟ್ಟಿದ ನಿರೀಕ್ಷೆಯನ್ನು ಸರಿಯಾದ ಕ್ಷಣದಲ್ಲಿ ಮುರಿದಾಗ, ಅಲ್ಲಿಯವರೆಗೆ ಕೂಡಿಬಂದ ಒತ್ತಡವೆಲ್ಲ ಆ ಒಂದು ವಾಕ್ಯದ ಮೇಲೆ ಬೀಳುತ್ತದೆ. ನಮ್ಮ ಭಾಷಣಕ್ಕೂ ಹೀಗೊಂದು ಮುರಿತ ಬೇಕು: ‘ಇಂದು ನಾವು ಸುಮ್ಮನಿದ್ದರೆ, ನಾಳೆ ಈ ಬಾಗಿಲು ಮುಚ್ಚಿರುತ್ತದೆ.’

ಎಷ್ಟು ಸಲ ಹೇಳಬೇಕೆಂದು ಕೇಳುವವರಿಗೆ ಸಾಮಾನ್ಯವಾಗಿ ಮೂರು ಸಲ ಸಾಕೆಂದು ಹೇಳುತ್ತೇನೆ. ಎರಡನೆಯ ಸಲ ಕೇಳಿದಾಗ ಕಿವಿ ಹೋಲಿಕೆಯನ್ನು ಗುರುತಿಸುತ್ತದೆ, ಮೂರನೆಯ ಸಲ ಅದು ವಿನ್ಯಾಸವೆಂದು ಖಚಿತವಾಗುತ್ತದೆ. 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಲಿಂಕನ್ ಮಾಡಿದ, ಸುಮಾರು 270 ಪದಗಳಷ್ಟೇ ಇದ್ದ ಭಾಷಣದ ಕೊನೆಯಲ್ಲಿ ಬರುವ ‘ಪ್ರಜೆಗಳ, ಪ್ರಜೆಗಳಿಂದ, ಪ್ರಜೆಗಳಿಗಾಗಿ’ ಎಂಬ ಮಾತು ಮೂರೇ ಹೆಜ್ಜೆಗಳಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ಹೇಳಿದಾಗ ನಾಮಪದ ಒಂದೇ ಉಳಿದು ವಿಭಕ್ತಿ ಮಾತ್ರ ಬದಲಾಗುವುದನ್ನು ಗಮನಿಸಿ. ಇಂಗ್ಲಿಷಿನಲ್ಲಿ ಬದಲಾಗುವ ಪದ ನಾಮಪದದ ಮುಂಚೆಯೇ ಬರುತ್ತದೆ. ನಮ್ಮಲ್ಲಿ ಅದು ನಾಮಪದದ ಬೆನ್ನಿಗೆ ಅಂಟಿಕೊಂಡು ಬಂದು ಆವರ್ತನೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಉಳಿದ ಸಲಕರಣೆಗಳು

ಆವರ್ತನೆಯೊಂದರಿಂದಲೇ ಇಡೀ ಭಾಷಣ ನಿಲ್ಲುವುದಿಲ್ಲ. ಎರಡು ವಿರುದ್ಧ ಸಂಗತಿಗಳನ್ನು ಒಂದೇ ಅಳತೆಯ ವಾಕ್ಯಗಳಲ್ಲಿ ಎದುರುಬದುರು ನಿಲ್ಲಿಸಿದರೆ ಕೇಳುಗನೇ ತೀರ್ಮಾನಕ್ಕೆ ಬರುತ್ತಾನೆ: ‘ಪುಸ್ತಕ ಕೊಳ್ಳಲು ಹಣ ಬೇಕು, ಪುಸ್ತಕ ಓದಲು ಈ ಬಾಗಿಲು ಸಾಕು.’ ಉತ್ತರ ಎಲ್ಲರಿಗೂ ಗೊತ್ತಿರುವ ಪ್ರಶ್ನೆಯನ್ನು ಕೇಳಿ ಒಂದು ಕ್ಷಣ ಮೌನವಾಗಿರುವುದೂ ಪರಿಣಾಮಕಾರಿ. ಆದರೆ ಉತ್ತರವನ್ನು ನೀವೇ ಹೇಳಿಬಿಟ್ಟರೆ ಆ ಮೌನದ ಫಲ ಕೈತಪ್ಪುತ್ತದೆ. ರೂಪಕವನ್ನು ಒಂದೇ ಆರಿಸಿಕೊಂಡು ಕೊನೆಯವರೆಗೂ ನಡೆಸಬೇಕು. ಬಾಗಿಲು ಎಂದು ಆರಂಭಿಸಿದವರು ನಡುವೆ ದೀಪವನ್ನೂ ನದಿಯನ್ನೂ ತಂದರೆ ಯಾವುದೂ ನಿಲ್ಲುವುದಿಲ್ಲ. ಪ್ರಾಸ ತಾನಾಗಿ ಬಂದರೆ ಸ್ವಾಗತ, ಹುಡುಕಿಕೊಂಡು ಹೋಗುವುದು ಬೇಡ.

ದ್ವಿರುಕ್ತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ‘ಮನೆಮನೆಗೆ’, ‘ಬೇಡಬೇಡವೆಂದರೂ’, ‘ದೂರದೂರದಿಂದ’ ಮುಂತಾದ ರೂಪಗಳು ಶಾಲೆಯ ವ್ಯಾಕರಣದಲ್ಲಿ ನಾವೆಲ್ಲ ಓದಿದ್ದೇ ಆಗಿದ್ದರೂ ಭಾಷಣ ಬರೆಯುವಾಗ ಅವುಗಳನ್ನು ಮರೆತು ‘ಪ್ರತಿಯೊಂದು ಮನೆಗೂ’, ‘ಅತ್ಯಂತ ದೂರದ ಪ್ರದೇಶಗಳಿಂದ’ ಎಂದು ಬರೆಯುತ್ತೇವೆ. ಇಷ್ಟು ಸುಲಭವಾಗಿ ಒದಗುವ ಶಕ್ತಿಯನ್ನು ನಾವೇ ದೂರ ತಳ್ಳುವುದು ನೋವಿನ ಸಂಗತಿ.

ಬರಹದಲ್ಲಿ ಅಳತೆ ಬೇರೆ

ಕೇಳುಗನಿಗೆ ಹಿಂದಿನ ಪುಟವನ್ನು ತಿರುವಿ ನೋಡುವ ಅವಕಾಶವಿಲ್ಲ, ಓದುಗನಿಗಿದೆ. ಆದ್ದರಿಂದ ಭಾಷಣದಲ್ಲಿ ಒಪ್ಪುವ ಆವರ್ತನೆ ಹಾಳೆಯ ಮೇಲೆ ಅತಿಯಾಗಬಹುದು. ಬರಹದಲ್ಲಿ ಮುಖ್ಯ ಮಾತನ್ನು ಸಾಲುಸಾಲಿಗೂ ತರದೆ, ಮೊದಲ ಪ್ಯಾರಾದಲ್ಲೊಮ್ಮೆ, ವಾದ ತಿರುಗುವಲ್ಲಿ ಇನ್ನೊಮ್ಮೆ, ಮುಗಿಯುವ ಹತ್ತಿರ ಮತ್ತೊಮ್ಮೆ ತಂದರೆ ಸಾಕು. ಇನ್ನೊಂದೆಡೆ, ಪದ ಮರುಕಳಿಸಬಾರದೆಂಬ ಭಯದಿಂದ ಗ್ರಂಥಾಲಯವನ್ನು ಒಮ್ಮೆ ಪುಸ್ತಕ ಭಂಡಾರವೆಂದೂ ಇನ್ನೊಮ್ಮೆ ಜ್ಞಾನದೇಗುಲವೆಂದೂ ಕರೆಯುವವರು ಓದುಗನನ್ನು ಗೊಂದಲಕ್ಕೆ ದೂಡುತ್ತಾರೆ. ಮೂರೂ ಒಂದೆಯೋ ಬೇರೆಯೋ ಎಂದು ಅವನು ಯೋಚಿಸುವಂತಾಗಬಾರದು. ಒಂದು ವಸ್ತುವಿಗೆ ಒಂದೇ ಪದ ಬಳಸುವುದು ಸ್ಪಷ್ಟತೆಯ ಲಕ್ಷಣ. ಅದನ್ನು ಪುನರುಕ್ತಿ ಎನ್ನಲಾಗದು.

ಗಟ್ಟಿಯಾಗಿ ಓದಿ, ಹೊಡೆದುಹಾಕಿ

ಬರೆದು ಮುಗಿಸಿದ ಮೇಲೆ ಎದ್ದು ನಿಂತು, ವೇದಿಕೆಯ ಮೇಲೆ ಹೇಳುವ ವೇಗದಲ್ಲೇ ಗಟ್ಟಿಯಾಗಿ ಓದಿ. ಉಸಿರು ಸಾಲದ ವಾಕ್ಯವನ್ನು ಎರಡಾಗಿ ಒಡೆಯಿರಿ. ಅನಂತರ ಮರಳಿ ಬರುವ ಮಾತನ್ನೆಲ್ಲ ಬೆರಳಿನಿಂದ ಮುಚ್ಚಿ, ಉಳಿದ ಭಾಗವನ್ನಷ್ಟೇ ಓದಿ. ಮಗು, ಯುವತಿ, ಹಿರಿಯರು ಒಬ್ಬರಾದ ಮೇಲೊಬ್ಬರು ಬೇರೆ ಬೇರೆಯಾಗಿ ಕಾಣಿಸಿದರೆ ಆವರ್ತನೆಯನ್ನು ಉಳಿಸಿಕೊಳ್ಳಿ. ಎರಡು ಕಡೆ ಒಬ್ಬರೇ ಕಾಣಿಸಿದರೆ ಒಂದು ಸಾಲನ್ನು ಹೊಡೆದುಹಾಕಿ.