ಬರ್ಮಿಂಗ್‌ಹ್ಯಾಮ್‌ಗೆ ಹೊಸದಾಗಿ ಬಂದವರಿಗೆ: ‘ಇಂಡಿಯನ್’ ಬೋರ್ಡ್ ನೋಡಿ ಒಳಗೆ ಹೋಗುವ ಮುನ್ನ

ಬ್ಯಾಂಕ್ ಖಾತೆ, ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ನೋಂದಣಿ, ಕೌನ್ಸಿಲ್ ಟ್ಯಾಕ್ಸ್, ಇವೆಲ್ಲ ಹೇಗೋ ಆಗಿಬಿಡುತ್ತವೆ. ಆಫೀಸಿನವರೇ ಹೇಳಿಕೊಡುತ್ತಾರೆ. ಹೊಟ್ಟೆಯ ವಿಷಯ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಎರಡು ವಾರ ಸ್ಯಾಂಡ್‌ವಿಚ್ ತಿಂದವರು ಬೀದಿ ಮೂಲೆಯಲ್ಲಿ ‘ಇಂಡಿಯನ್ ರೆಸ್ಟೋರೆಂಟ್’ ಬೋರ್ಡ್ ಕಂಡ ಕೂಡಲೇ ಒಳಗೆ ನುಗ್ಗುತ್ತಾರೆ. ನುಗ್ಗಿ, ಆದರೆ ಇಷ್ಟು ಓದಿಕೊಂಡು ನುಗ್ಗಿ.

ಈ ಹೋಟೆಲುಗಳನ್ನು ನಡೆಸುವವರು ಬಹುಪಾಲು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಅವರ ಹಿರಿಯರಲ್ಲಿ ಅನೇಕರು ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸಣ್ಣಪುಟ್ಟ ಕೆಫೆಗಳನ್ನು ಕೊಂಡರು. ಪಬ್ ಮುಚ್ಚಿದ ಮೇಲೆ ಹಸಿದು ಬರುವ ಇಂಗ್ಲಿಷರಿಗೆ ಏನು ಹಿಡಿಸುತ್ತದೋ ಅದನ್ನು ಬೇಯಿಸಿದರು. 1971ರಲ್ಲಿ ಅವರ ದೇಶದ ಹೆಸರು ಬದಲಾಯಿತು, ಬೋರ್ಡ್ ಬದಲಾಗಲಿಲ್ಲ. ಇದೊಂದೂ ತಿಳಿಯದೆ ನಾನು ಮಾಣಿಯ ಜೊತೆ ಹಿಂದಿ ಶುರು ಹಚ್ಚಿಕೊಂಡೆ. ಅದೂ ತುಮಕೂರಿನ ಹಿಂದಿ! ಆ ಹುಡುಗ ಇಲ್ಲೇ ಹುಟ್ಟಿ ಬೆಳೆದವನು. ಅಪ್ಪಟ ಬರ್ಮಿಂಗ್‌ಹ್ಯಾಮ್ ಇಂಗ್ಲಿಷಿನಲ್ಲಿ ‘ಸಾರಿ ಆಂಟಿ, ಅರ್ಥ ಆಗ್ಲಿಲ್ಲ’ ಅಂದ. ನನಗೆ ಆಗ ಮೂವತ್ತೂ ತುಂಬಿರಲಿಲ್ಲ. ಆಂಟಿ ಅಂದದ್ದೇ ಜಾಸ್ತಿ ಉರಿಯಿತು.

ಇನ್ನು ಮೆನು. ಹೆಸರು ನೋಡಿ ಮೋಸ ಹೋಗಬೇಡಿ. ಅಡುಗೆಮನೆಯಲ್ಲಿ ಈರುಳ್ಳಿ ಬೇಯಿಸಿ ರುಬ್ಬಿದ ಒಂದು ದೊಡ್ಡ ಪಾತ್ರೆ ಗ್ರೇವಿ ಇರುತ್ತದೆ. ಆರ್ಡರ್ ಬಂದ ಹಾಗೆ ಅದರಿಂದ ಒಂದೆರಡು ಸೌಟು ಬಾಣಲೆಗೆ ಬೀಳುತ್ತದೆ. ಕೆನೆ, ತೆಂಗಿನಕಾಯಿ, ಸಕ್ಕರೆ ಸೇರಿದರೆ ಕೊರ್ಮಾ. ಖಾರದ ಪುಡಿ ಜಾಸ್ತಿಯಾದರೆ ಮದ್ರಾಸ್. ಇನ್ನೂ ಜಾಸ್ತಿಯಾದರೆ ವಿಂದಾಲೂ. ಅದನ್ನೂ ಮೀರಿದ್ದು ಫಾಲ್. ಚೆನ್ನೈಗೂ ಆ ಮದ್ರಾಸಿಗೂ ಸಂಬಂಧ ಇಲ್ಲ, ಅದು ಖಾರದ ಒಂದು ಮೆಟ್ಟಿಲು ಅಷ್ಟೇ. ‘ನಮಗೆಲ್ಲ ಖಾರ ಅಭ್ಯಾಸ ಇದೆ’ ಅಂತ ಜಂಬ ಕೊಚ್ಚಿ ನನ್ನ ಗಂಡ ಫಾಲ್ ತರಿಸಿದರು. ನಮ್ಮ ಖಾರದಲ್ಲಿ ಹುಣಸೆ ಇರುತ್ತದೆ, ಬೆಲ್ಲ ಇರುತ್ತದೆ, ಹುರಿದ ಧನಿಯದ ಘಮ ಇರುತ್ತದೆ. ಇದರಲ್ಲಿ ಬರೀ ಉರಿ. ದುಡ್ಡು ಕೊಟ್ಟಿದ್ದೇವೆ ಅಂತ ಮುಗಿಸಿದರು. ಮರುದಿನ ರಜೆ ಹಾಕಿದರು.

ಆಫೀಸಿನವರ ಜೊತೆ ಹೋದರೆ ಇನ್ನೊಂದು ಪೇಚು. ‘ನೀವು ಇಂಡಿಯಾದವರು, ನಮಗೂ ಆರ್ಡರ್ ಮಾಡಿ’ ಅನ್ನುತ್ತಾರೆ. ಪಾಥಿಯಾ, ಭುನಾ, ಧನ್‌ಸಾಕ್, ಇವನ್ನು ನಾವು ಎಲ್ಲಿ ಕಂಡಿದ್ದೇವೆ ಹೇಳಿ? ನಾನು ಗೊತ್ತಿರುವ ಹಾಗೆ ತಲೆಯಾಡಿಸಿದೆ. ಧನ್‌ಸಾಕ್ ಒಳಗೆ ಅನಾನಸ್ ತುಂಡು ಕಂಡಾಗ ಎಲ್ಲರೂ ನನ್ನ ಮುಖ ನೋಡಿದರು. ಇಪ್ಪತ್ತು ವರ್ಷದಿಂದ ಪ್ರತಿ ಶುಕ್ರವಾರ ಕರಿ ತಿನ್ನುವ ಅವರಿಗೆ ನಮಗಿಂತ ಚೆನ್ನಾಗಿ ಈ ಮೆನು ಗೊತ್ತು. ಅವರನ್ನೇ ಕೇಳಿ, ಖುಷಿಯಿಂದ ಹೇಳುತ್ತಾರೆ. ಇಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ಪಲ್ಯ, ತಮ್ಮ ತಮ್ಮ ಅನ್ನ ತರಿಸಿಕೊಳ್ಳುತ್ತಾರೆ. ಬಿಲ್ ಬಂದಾಗ ಮಾತ್ರ ಸಮಪಾಲು. ನೀವು ದಾಲ್ ತಿಂದು ಪಕ್ಕದವನ ಕುರಿಮಾಂಸಕ್ಕೂ ಬಿಯರಿಗೂ ದುಡ್ಡು ಕೊಡುವುದು ಬೇಡ ಅಂದರೆ ಮೊದಲೇ ಬಾಯಿಬಿಟ್ಟು ಹೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಕೂತ ಕೂಡಲೇ ಬರುವ ಹಪ್ಪಳ, ಚಟ್ನಿ ತಟ್ಟೆ ನಮ್ಮ ಕಡೆಯ ಹಾಗೆ ಪುಕ್ಕಟೆ ಅಂದುಕೊಳ್ಳಬೇಡಿ. ಹಪ್ಪಳಕ್ಕೆ ಲೆಕ್ಕ, ಚಟ್ನಿಗೂ ಲೆಕ್ಕ. ‘ಸ್ವಲ್ಪ ಸಾಂಬಾರ್ ಹಾಕಿ’ ಅಂತ ಬಟ್ಟಲು ಎತ್ತಿದರೆ ಅದಕ್ಕೂ ಬಿಲ್ ಬರಬಹುದು. ನೀರಿಗೆ ‘ಟ್ಯಾಪ್ ವಾಟರ್’ ಅಂತಲೇ ಕೇಳಿ. ಮದ್ಯದ ಲೈಸೆನ್ಸ್ ಇರುವ ಜಾಗಗಳಲ್ಲಿ ಅದನ್ನು ಪುಕ್ಕಟೆ ಕೊಡಲೇಬೇಕು. ಸುಮ್ನೆ ನೀರು ಅಂದರೆ ಬಾಟಲಿ ತಂದಿಡುತ್ತಾರೆ. ಬಿಲ್ಲಿನ ಕೆಳಗೆ ಶೇ. 12.5ರ ಹತ್ತಿರ ಸರ್ವಿಸ್ ಚಾರ್ಜ್ ಇದ್ದು, ಅದು ಐಚ್ಛಿಕ ಅಂತ ಬರೆದಿದ್ದರೆ ತೆಗೆಸಬಹುದು. ನಾನು ತೆಗೆಸುವುದಿಲ್ಲ. 2024ರ ಅಕ್ಟೋಬರಿನಿಂದ ಟಿಪ್ಸ್ ಪೂರ್ತಿ ಕೆಲಸದವರಿಗೇ ಸೇರಬೇಕು ಅಂತ ಕಾನೂನು ಬಂದಿದೆ.

ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ. ನಾನ್ ಹಿಟ್ಟಿಗೆ ಎಷ್ಟೋ ಕಡೆ ಮೊಟ್ಟೆ ಹಾಕುತ್ತಾರೆ. ನಮ್ಮ ಅತ್ತೆ ಲಿಂಗ ಕಟ್ಟಿಕೊಂಡವರು, ಈರುಳ್ಳಿ ಬಜ್ಜಿ ಕರಿದ ಎಣ್ಣೆ ಯಾವುದು ಅಂತ ಕೇಳುವವರು. ಅವರಿಗೆ ನಾನೇ ಬಲವಂತ ಮಾಡಿ ಬಿಸಿ ನಾನ್ ತಿನ್ನಿಸಿದೆ. ಅರ್ಧ ತಿಂದ ಮೇಲೆ ಪಕ್ಕದ ಟೇಬಲ್ಲಿನ ಹೆಂಗಸು ಮೊಟ್ಟೆ ಅಲರ್ಜಿಯ ವಿಷಯ ಕೇಳಿದಳು, ಮಾಣಿ ಹೌದು ಅಂದ. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು. ಮೊಟ್ಟೆ, ಹಾಲು, ಗೋಧಿ ಸೇರಿ 14 ಅಲರ್ಜಿ ಪದಾರ್ಥಗಳ ಬಗ್ಗೆ ಕೇಳಿದರೆ ಅವರು ಹೇಳಲೇಬೇಕು. ‘ನಾವು ವೆಜ್’ ಅನ್ನುವುದಕ್ಕಿಂತ ‘ಇದರಲ್ಲಿ ಮೊಟ್ಟೆ ಇದೆಯಾ’ ಅಂತ ನೇರವಾಗಿ ಕೇಳುವುದು ಒಳ್ಳೆಯದು.

ಹಿರಿಯರು ಬಂದರೆ ಈಗ ನಾನು ಲೆಸ್ಟರಿಗೆ ಕರೆದುಕೊಂಡು ಹೋಗುತ್ತೇನೆ. ರೈಲಿನಲ್ಲಿ ಒಂದು ಗಂಟೆ ದಾರಿ. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಆ ದೇಶದಿಂದ ಓಡಿಸಿದ ಗುಜರಾತಿಗಳಲ್ಲಿ ಅನೇಕರು ಅಲ್ಲಿ ನೆಲೆ ನಿಂತರು. ಬೆಲ್‌ಗ್ರೇವ್ ರಸ್ತೆಯಲ್ಲಿ ಅಪ್ಪಟ ಸಸ್ಯಾಹಾರಿ ಹೋಟೆಲುಗಳಿವೆ, ಏನೂ ಕೇಳದೆ ತಿನ್ನಬಹುದು. ಲಂಡನ್ನಿನಲ್ಲಿ ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ತೋರಿಸಲು ಹೋದರೆ ವಾಪಸ್ ಬರುವಾಗ ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ಬೀದಿಗೆ ಹೋಗಿ. ಭೇಲ್‌ಪುರಿ, ದೋಸೆ ಎರಡೂ ಸಿಗುತ್ತವೆ, ಬರ್ಮಿಂಗ್‌ಹ್ಯಾಮ್ ರೈಲು ಅಲ್ಲಿಂದಲೇ. ಮಾಂಸ ತಿನ್ನುವವರಿಗೆ ಬರ್ಮಿಂಗ್‌ಹ್ಯಾಮ್‌ನಲ್ಲೇ ಸ್ಪಾರ್ಕ್‌ಬ್ರೂಕ್ ಬಡಾವಣೆ ಇದೆ. ಪಾಕಿಸ್ತಾನ, ಕಾಶ್ಮೀರದ ಕಡೆಯವರು 1970ರ ದಶಕದಲ್ಲಿ ಅಲ್ಲಿ ಬಾಲ್ಟಿ ಶುರು ಮಾಡಿದರು. ತೆಳು ಉಕ್ಕಿನ ಬಾಣಲೆಯಲ್ಲಿ ಬೇಯಿಸಿ, ಅದೇ ಬಾಣಲೆಯನ್ನು ಚುರುಚುರು ಅನ್ನುವಾಗಲೇ ತಂದಿಡುತ್ತಾರೆ. ಟೇಬಲ್ ಅಗಲದ ನಾನ್ ಹರಿದುಕೊಂಡು ಎಲ್ಲರೂ ಕೈ ಹಾಕಿ ತಿನ್ನುತ್ತಾರೆ. ನನಗೆ ಕೇಳಿದರೆ ಈ ಊರಿನ ಅತ್ಯುತ್ತಮ ಊಟ ಅದೇ.

ಮಗಳ ವಿಷಯ ಹೇಳಬೇಕು. ಅವಳಿಗೆ ಇಂಡಿಯನ್ ಊಟ ಅಂದರೆ ಕೊರ್ಮಾ ಮತ್ತು ನಾನ್. ಹೋದ ಬೇಸಿಗೆ ತುಮಕೂರಿನ ಹೋಟೆಲಿನಲ್ಲಿ ಪೂರಿ ಜೊತೆ ಕುರ್ಮಾ ಬಂತು. ‘ಇದು ಕೊರ್ಮಾ ಅಲ್ಲ, ಇವರಿಗೆ ಮಾಡಲು ಬರಲ್ಲ’ ಅಂದುಬಿಟ್ಟಳು. ನನ್ನ ತಮ್ಮ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಅವಳ ನಾಲಿಗೆಗೆ ರುಚಿ ಹಚ್ಚಿದವನು ಸಿಲ್ಹೆಟ್ಟಿನ ಅಡುಗೆಯವನು. ಅವನೂ ತನ್ನ ಮನೆಯಲ್ಲಿ ಆ ಕೊರ್ಮಾ ತಿನ್ನುವುದಿಲ್ಲ, ಮೀನು ಸಾರು ಅನ್ನ ತಿನ್ನುತ್ತಾನೆ. ಅವನ ಮಕ್ಕಳೂ ಅದಕ್ಕೆ ಮುಖ ಸಿಂಡರಿಸುತ್ತಾರೋ ಏನೋ.

ನಿಜ ಹೇಳಬೇಕೆಂದರೆ ದೋಸೆ ಇಲ್ಲಿ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಸಿಗದಿರುವುದು ಬೆಳಿಗ್ಗೆ ಏಳೂವರೆಯ ಹೋಟೆಲ್. ವಾಕಿಂಗ್ ಮುಗಿಸಿ, ನಿಂತುಕೊಂಡೇ ತಟ್ಟೆ ಇಡ್ಲಿ ತಿಂದು, ಬೈಟು ಕಾಫಿ ಕುಡಿದು, ಗುರುತಿನವರ ಜೊತೆ ಎರಡು ಮಾತಾಡಿ ಹೊರಟುಬಿಡುವುದು. ಇಲ್ಲಿ ಹೊರಗೆ ತಿನ್ನುವುದೆಂದರೆ ಸಂಜೆಯ ಕಾರ್ಯಕ್ರಮ. ಟೇಬಲ್ ಬುಕ್ ಮಾಡಬೇಕು, ಒಳ್ಳೆ ಬಟ್ಟೆ ಹಾಕಬೇಕು, ಎರಡು ಗಂಟೆ ಕೂರಬೇಕು. ಬಹಳಷ್ಟು ಕಡೆ ಐದಕ್ಕೆ ಮುಂಚೆ ಬಾಗಿಲೇ ತೆರೆಯುವುದಿಲ್ಲ. ಇದನ್ನು ಬೈದುಕೊಂಡು ವರ್ಷಗಟ್ಟಲೆ ಕಳೆದೆವು.

ಕೊನೆಗೆ ನಾವು ಕೆಲವು ಮನೆಯವರು ಸೇರಿ ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ತಿಂಡಿ ಇಟ್ಟುಕೊಂಡಿದ್ದೇವೆ. ಒಂಬತ್ತಕ್ಕೆ ಶುರು. ಹಿಟ್ಟು ಹುದುಗಲು ಚಳಿಗಾಲದಲ್ಲಿ ಓವನ್ನಿನ ದೀಪ ಹಾಕಿ ರಾತ್ರಿಯಿಡೀ ಒಳಗಿಡಿ. ಬಿಸಿ ಹಾಕಬೇಡಿ, ದೀಪ ಮಾತ್ರ. ಮಕ್ಕಳು ಅರ್ಧ ದೋಸೆ ತಿಂದು ಮೇಲಿನ ಕೋಣೆಗೆ ಓಡುತ್ತವೆ. ದೊಡ್ಡವರು ಮಧ್ಯಾಹ್ನವಾದರೂ ಏಳುವುದಿಲ್ಲ. ಬೈಟು ಅಂತ ಶುರುವಾದ ಕಾಫಿ ಮೂರು ಸುತ್ತು ಆಗುತ್ತದೆ. ನೀವೂ ಬನ್ನಿ. ಬರುವವರು ಹಿಂದಿನ ದಿನ ತಿಳಿಸಿ, ಅಕ್ಕಿ ಎಷ್ಟು ನೆನೆಹಾಕಬೇಕು ಅಂತ ಗೊತ್ತಾಗಬೇಕಲ್ವಾ?